‘ಗಿರಿ’ ಅಂದರೆ ಬೈಗುಳವಾ? ಮಾಲಗಾಕ್ಕೆ ಹೊಸದಾಗಿ ಬಂದ ತಮ್ಮನಿಗೆ

ನಿನ್ನ ಪತ್ರ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ. ಸ್ಪೇನಿನ ದಕ್ಷಿಣ ಕರಾವಳಿಯ ಮಾಲಗಾದಲ್ಲಿ ನೀನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನವರ ಜೊತೆ ಹೊರಗೆ ಹೋಗಿದ್ದೆ, ಸಂಜೆ ಏಳು ಗಂಟೆಗೆ ಊಟ ಸಿಗುತ್ತಾ ಅಂತ ಕೇಳಿದೆ, ಒಬ್ಬ ನಗುತ್ತಾ ನಿನ್ನನ್ನು ‘ಗಿರಿ’ ಅಂದ. ಬೇರೆ ಯಾರದೋ ಹೆಸರಿಟ್ಟು ಕರೆದ ಅಂದುಕೊಂಡೆ ಅಂತ ಬರೆದಿದ್ದೀಯ. ಹೊರಗಿನವರಿಗೆ ಹೇಳುವ ಮಾತು ಅಂತ ಗೊತ್ತಾದ ಮೇಲೆ ಮನಸ್ಸು ಕೆಟ್ಟಿತು. ಅಷ್ಟರಲ್ಲಿ ಅದು ಎಲ್ಲಿಂದ ಬಂದ ಪದ ಅಂತ ಅವರವರಲ್ಲೇ ವಾದ ಎದ್ದಿತು. ಒಬ್ಬ ಉತ್ತರದ ಬಾಸ್ಕ್ ನಾಡಿನ ಭಾಷೆಯದು ಅಂದ, ಒಬ್ಬಳು ಹಳೇ ಕಾಲದ ಸೈನಿಕರ ಟೋಪಿಯ ಮೇಲಿದ್ದ ಅಕ್ಷರಗಳು ಅಂದಳು, ಇನ್ನೊಬ್ಬ ಮೊರಾಕೊ ಕಡೆಯಿಂದ ಬಂದದ್ದು ಅಂದ. ಇದು ಬೈಗುಳವಾ, ಮೂವರಲ್ಲಿ ಯಾರ ಮಾತು ಸರಿ, ಇಲ್ಲಿ ಎಷ್ಟು ವರ್ಷ ಇದ್ದರೂ ನಾವು ಹೊರಗಿನವರೇನಾ ಅಂತ ಕೇಳಿದ್ದೀಯ.

ಮೊದಲನೆಯದಕ್ಕೆ ಈಗಲೇ ಉತ್ತರ ಹೇಳಿಬಿಡ್ತೀನಿ, ನೀನು ನಿದ್ದೆ ಕೆಡಿಸಿಕೊಳ್ಳೋದು ಬೇಡ. ಆ ಹುಡುಗ ಬೈಯಲಿಲ್ಲ, ರೇಗಿಸಿದ. ಎರಡನೆಯದು ನನಗೆ ತುಂಬ ಹತ್ತಿರದ ವಿಷಯ. ನಾನಿರೋದು ಬಾಸ್ಕ್ ನಾಡಿನ ಬಿಲ್ಬಾವೊದಲ್ಲಿ, ಆ ಪದ ಹುಟ್ಟಿದ ಸೀಮೆ ಇದೇ ಅಂತ ನಂಬುವವರಲ್ಲಿ ನಾನೂ ಒಬ್ಬಳು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1833ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ದೊರೆ ಏಳನೇ ಫೆರ್ನಾಂದೊ ತೀರಿಕೊಂಡ. ಮಗಳು ಇಸಾಬೆಲ್‌ಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅವಳ ಪರವಾಗಿ ತಾಯಿ ಮರಿಯಾ ಕ್ರಿಸ್ತಿನಾ ರಾಜ್ಯಭಾರ ವಹಿಸಿಕೊಂಡಳು. ಹೆಣ್ಣುಮಗುವಿಗೆ ಪಟ್ಟ ಕಟ್ಟೋದನ್ನು ದೊರೆಯ ತಮ್ಮ ಕಾರ್ಲೋಸ್ ಒಪ್ಪಲಿಲ್ಲ, ಸಿಂಹಾಸನ ತನ್ನದು ಅಂದ. ಅವನ ಕಡೆಯವರು ಕಾರ್ಲಿಸ್ಟರು, ರಾಣಿಯ ಕಡೆಯವರು ಕ್ರಿಸ್ತಿನೋಗಳು. ಬಾಸ್ಕ್ ನಾಡಿನ ಮತ್ತು ನವಾರಾದ ಹಳ್ಳಿಗಳು ಹೆಚ್ಚಾಗಿ ಕಾರ್ಲೋಸ್‌ನ ಬೆನ್ನಿಗೆ ನಿಂತವು, ಬಿಲ್ಬಾವೊದಂಥ ಪಟ್ಟಣಗಳು ರಾಣಿಯ ಕಡೆ ಉಳಿದವು. ಸುತ್ತಲಿನ ಗುಡ್ಡಗಳಲ್ಲಿ ಕಾರ್ಲಿಸ್ಟರು, ಒಳಗೆ ಮುತ್ತಿಗೆಗೆ ಸಿಕ್ಕ ಊರು. ಅವರ ಹೆಸರಾಂತ ಸೇನಾಪತಿ ಸುಮಲಕಾರೆಗಿ 1835ರಲ್ಲಿ ಈ ಊರಿನ ಮುತ್ತಿಗೆಯಲ್ಲೇ ಗುಂಡೇಟು ತಿಂದು ಕೆಲವೇ ದಿನದಲ್ಲಿ ಸತ್ತ. ಮರುವರ್ಷ ಇನ್ನೊಮ್ಮೆ ಮುತ್ತಿಗೆ ಬಿತ್ತು, ಅದು ಬಿಟ್ಟದ್ದು 1836ರ ಕ್ರಿಸ್ಮಸ್ ಹಿಂದಿನ ರಾತ್ರಿ, ಲುಚಾನಾದ ಕಾಳಗದಲ್ಲಿ.

ಈಗ ಆ ಹಳ್ಳಿಗರ ಬಾಯಿಗೆ ಬರೋಣ. ಹಳೆಯ ಬಾಸ್ಕ್‌ನಲ್ಲಿ ಪದದ ಮೊದಲಿಗೆ ಒತ್ತಕ್ಷರ ಬರೋದಿಲ್ಲ. ಲ್ಯಾಟಿನ್ನಿನಿಂದ ಶಿಲುಬೆಯ ಪದ ಬಂದಾಗ ‘ಕ್ರು’ ಅನ್ನೋದು ‘ಗುರು’ ಆಯಿತು, ಶಿಲುಬೆಗೆ ಇಲ್ಲಿ ಇವತ್ತಿಗೂ ಗುರುತ್ಸೆ ಅಂತಾರೆ. ಕಾಳಿಗೆ ಲ್ಯಾಟಿನ್ನಿನಲ್ಲಿದ್ದ ‘ಗ್ರಾನುಮ್’ ಇವರಲ್ಲಿ ಗರವು ಆಗಿದೆ. ಹಾಗೆಯೇ ‘ಕ್ರಿಸ್ತಿನೋ’ ಅನ್ನೋದು ‘ಗಿರಿಸ್ತಿನೋ’ ಆಯಿತು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಶ್ರೀಯನ್ನು ಸಿರಿ ಮಾಡಿದವರು ನಾವು. ನಮ್ಮ ಹಳಬರು ಕ್ರೈಸ್ತರನ್ನು ಕಿರಿಸ್ತಾನರು ಅಂತಿದ್ದರಲ್ಲ, ಅದರ ಪಕ್ಕದಲ್ಲಿ ಗಿರಿಸ್ತಿನೋ ಇಟ್ಟು ನೋಡು. ಫ್ರಾನ್ಸ್ ಕಡೆಯ ಬಾಸ್ಕ್ ಮಾತಿನಲ್ಲಂತೂ ಗಿರಿಸ್ತಿನೋ ಅಂದರೆ ಕ್ರೈಸ್ತ ಅಂತಲೇ ಅರ್ಥ. ನಾಲಿಗೆ ಒಂದೇ ಬಗೆಯಲ್ಲಿ ಹೊರಳಿದೆ, ನಡುವೆ ಸಾವಿರಾರು ಮೈಲಿ ಇದ್ದರೂ. ಮೊದಲ ಸಲ ಇದು ಹೊಳೆದಾಗ ನನಗಾದ ಸಂತೋಷ ಇನ್ನೂ ಹಾಗೇ ಇದೆ.

ಗಿರಿಸ್ತಿನೋ ಕತ್ತರಿಸಿದರೆ ಗಿರಿ. ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿಯ ನಿಘಂಟು ಕೂಡ ಇದೇ ಮೂಲ ಕೊಡುತ್ತೆ: ಮೊದಲು ಕ್ರಿಸ್ತಿನಾ ರಾಣಿಯ ಕಡೆಯವರು, ಆಮೇಲೆ ಎಲ್ಲ ಉದಾರವಾದಿಗಳು, ಅದರಲ್ಲೂ ಸರ್ಕಾರದ ಸೈನಿಕರು. ಸೈನಿಕರಿಂದ ಪದ ಸಿವಿಲ್ ಗಾರ್ಡ್ ಪೊಲೀಸರಿಗೂ ಅಂಟಿಕೊಂಡಿತು. 1844ರಲ್ಲಿ ಶುರುವಾದ ಪಡೆ ಅದು. ಹಳ್ಳಿಯವರ ಕಣ್ಣಲ್ಲಿ ಇವರೆಲ್ಲ ಒಂದೇ: ಬೇರೆಲ್ಲಿಂದಲೋ ಬಂದು ಮೇಲೆ ನಿಂತವರು, ನಮ್ಮ ಮಾತು ಬಾರದವರು.

ಟೋಪಿಯ ಕಥೆ ಹೇಳಿದವಳದ್ದೂ ಸುಮ್ಮನೆ ಹುಟ್ಟಿದ ಮಾತಲ್ಲ. ಆಗ ‘ಗ್ವಾರ್ದಿಯಾ ರೆಯಾಲ್ ದೆ ಇನ್ಫಾಂತೆರಿಯಾ’ ಅನ್ನೋ ರಾಜರಕ್ಷಕ ಕಾಲಾಳು ಪಡೆ ಇತ್ತು. ಅದರ ಮೊದಲಕ್ಷರಗಳು ಜಿ, ಆರ್, ಐ. ಅವನ್ನು ಸೈನಿಕರ ಮೈಮೇಲೆ ಕಂಡ ಜನ ‘ಗ್ರಿ’ ಅಂತ ಓದಿ, ‘ಗಿರಿ’ ಅಂತ ಕರೆದರು ಅನ್ನೋದು ಈ ವಾದ. ಕೇಳೋದಕ್ಕೆ ಚೆನ್ನಾಗಿದೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು, ಅದಕ್ಕೇ ಇಷ್ಟು ಹರಡಿದೆ. ನನಗೆ ಮಾತ್ರ ಒಪ್ಪಿಗೆಯಿಲ್ಲ. ಆ ಕಾಲದ ಹಳ್ಳಿಗರಲ್ಲಿ ಓದು ಬರುತ್ತಿದ್ದವರೇ ಕಡಿಮೆ. ಓದಲು ಬಾರದವರು ಟೋಪಿಯ ಅಕ್ಷರ ಕೂಡಿಸಿ ಶತ್ರುವಿಗೆ ಹೆಸರಿಟ್ಟರು ಅನ್ನೋದಕ್ಕಿಂತ, ದಿನವೂ ಕಿವಿಗೆ ಬೀಳುತ್ತಿದ್ದ ಹೆಸರನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು ಅನ್ನೋದು ಹೆಚ್ಚು ನಂಬುವಂಥದ್ದು.

ಮೊರಾಕೊದ ವಾದವೂ ತಳ್ಳಿಹಾಕುವಂಥದ್ದಲ್ಲ. ತುರ್ಕಿಯಲ್ಲಿ ಮುಸ್ಲಿಮರಲ್ಲದವರನ್ನು ಹೀಯಾಳಿಸಿ ‘ಗ್ಯಾವುರ್’ ಅನ್ನುತ್ತಿದ್ದರು. ಉತ್ತರ ಆಫ್ರಿಕಾದ ಅರಬ್ಬಿ ಆಡುಮಾತಿನಲ್ಲಿ ಅದು ‘ಗವ್ರಿ’ ಆಗಿ, ಯೂರೋಪಿನವನು ಅನ್ನೋ ಅರ್ಥದಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಮಾಲಗಾದಲ್ಲಿ ನಿಂತರೆ ಮೊರಾಕೊ ಎದುರುಗಡೆಯೇ. 1912ರಿಂದ 1956ರವರೆಗೆ ಅಲ್ಲಿನ ಉತ್ತರ ಭಾಗ ಸ್ಪೇನಿನ ಕೈಯಲ್ಲಿತ್ತು, ಸಾವಿರಾರು ಸ್ಪ್ಯಾನಿಷ್ ಹುಡುಗರು ಸೈನ್ಯ ಸೇರಿ ಅಲ್ಲಿಗೆ ಹೋಗಿ ಬಂದರು. ಅರ್ಥ ನೋಡಿದರೆ ಇದೇ ಸರಿಯಾಗಿ ಹೊಂದುತ್ತೆ, ಬಿಳಿಯ ಪರದೇಶಿ ಅಂತಲೇ. ಆದರೆ ಶಬ್ದ ಹೊಂದೋದಿಲ್ಲ: ‘ಗವ್’ ಹೋಗಿ ‘ಗಿ’ ಹೇಗಾಯಿತು ಅನ್ನೋದಕ್ಕೆ ದಾರಿ ಕಾಣೋದಿಲ್ಲ. ಹತ್ತೊಂಬತ್ತನೇ ಶತಮಾನದ ಯುದ್ಧದಲ್ಲೇ ಪದ ಓಡಾಡುತ್ತಿತ್ತು ಅಂದಮೇಲೆ ಇಪ್ಪತ್ತನೆಯದರಲ್ಲಿ ಅದನ್ನು ಮೊರಾಕೊದಿಂದ ತರಬೇಕಾದ ಅಗತ್ಯವೂ ಇಲ್ಲ. ಅರ್ಥವಾಗದ ಗಲಿಬಿಲಿ ಮಾತಿಗೆ ಸ್ಪ್ಯಾನಿಷ್‌ನಲ್ಲಿ ‘ಗಿರಿಗೈ’ ಅಂತಾರೆ, ಅದನ್ನೂ ಕೆಲವರು ಇದಕ್ಕೆ ತಳಕು ಹಾಕ್ತಾರೆ. ಅದೇ ಮೂಲ ಅಂತ ಹೇಳಲಾರೆ, ಆದರೆ ಪದ ಪರದೇಶಿಯ ಕಡೆ ವಾಲೋದಕ್ಕೆ ಅದರ ಸದ್ದು ನೆರವಾಗಿರಬಹುದು ಅನ್ನಿಸುತ್ತೆ.

ಬಾಸ್ಕ್ ವಾದದಲ್ಲೂ ಒಂದು ತೊಡಕಿದೆ, ಅದನ್ನು ನಿನ್ನಿಂದ ಮುಚ್ಚಿಡೋದಿಲ್ಲ. ರಾಣಿಯ ಸೈನಿಕ ಹೋಗಿ ಬಿಸಿಲಿಗೆ ಕೆಂಪಾದ ಪ್ರವಾಸಿ ಆದದ್ದು ಹೇಗೆ? ನಡುವೆ ನೂರಕ್ಕೂ ಹೆಚ್ಚು ವರ್ಷ. ನನಗೆ ಇದಕ್ಕೆ ಸ್ವಲ್ಪ ಬೆಳಕು ಕಂಡದ್ದು ಬಾಸ್ಕ್ ಕರಾವಳಿಯ ಸಾನ್ ಸೆಬಾಸ್ತಿಯಾನ್ ಊರಿನ ಉರ್ಗುಲ್ ಗುಡ್ಡದ ಮೇಲೆ. ಹಳೇ ಪೇಟೆಯ ಹಿಂದಿನಿಂದ ಕಡಿದಾದ ಕಾಲುದಾರಿ ಹತ್ತಿ ಸಮುದ್ರದ ಕಡೆಗೆ ತಿರುಗಿದರೆ, ಮರಗಳ ನೆರಳಿನಲ್ಲಿ, ಬಂಡೆಗಳ ಸಂದಿಯಲ್ಲಿ ಸಮಾಧಿಗಳು. ಕಲ್ಲಿಗೆ ಪಾಚಿ ಹಿಡಿದಿದೆ, ಕೆಲವು ಹೆಸರು ಬೆರಳಿಟ್ಟು ಸವರಿದರೆ ಮಾತ್ರ ಗೊತ್ತಾಗುತ್ತೆ. ಅದನ್ನು ಇಂಗ್ಲಿಷರ ಸ್ಮಶಾನ ಅಂತಾರೆ. 1835ರಲ್ಲಿ ಕ್ರಿಸ್ತಿನಾ ರಾಣಿಯ ನೆರವಿಗೆ ಬ್ರಿಟನ್ನಿನಿಂದ ಸುಮಾರು ಹತ್ತು ಸಾವಿರ ಜನರ ಪಡೆ ಬಂದಿಳಿಯಿತು. ಜಾರ್ಜ್ ಡಿ ಲೇಸಿ ಇವಾನ್ಸ್ ಅದರ ಮುಖ್ಯಸ್ಥ. ಅದೇ ವರ್ಷ ಫ್ರಾನ್ಸ್ ತನ್ನ ವಿದೇಶಿ ಪಡೆಯನ್ನು ಅವಳಿಗೆ ಒಪ್ಪಿಸಿತು. ಅಂದರೆ ಕಾರ್ಲಿಸ್ಟ್ ಹಳ್ಳಿಗನ ಎದುರು ಬಂದ ಗಿರಿಗಳಲ್ಲಿ ಒಂದು ಪಾಲು ನಿಜಕ್ಕೂ ಪರದೇಶದವರು, ಕೆಂಪು ಕೋಟು ತೊಟ್ಟವರು, ಸ್ಪ್ಯಾನಿಷ್ ತೊದಲುವವರು. ಪರದೇಶಿ ಅನ್ನೋ ಅರ್ಥ ಆಮೇಲೆ ಸೇರಿದ್ದಲ್ಲ, ಬೀಜದಲ್ಲೇ ಇದ್ದಿರಬಹುದು ಅನ್ನೋದು ನನ್ನ ಎಣಿಕೆ. ಎಣಿಕೆ ಅಷ್ಟೇ, ನಿನ್ನ ಆಫೀಸಿನಲ್ಲಿ ಹೇಳುವಾಗಲೂ ಹಾಗೆಂದೇ ಹೇಳು.

ಹಾಗಿದ್ದ ಪದ 1960ರ ದಶಕದಲ್ಲಿ ನಿಮ್ಮ ಕರಾವಳಿಗೆ ಉಕ್ಕಿಬಂದ ಪ್ರವಾಸಿಗಳ ಮೇಲೆ ಕೂತಿತು. 1960ರಲ್ಲಿ ಸ್ಪೇನಿಗೆ ಬಂದವರು ಸುಮಾರು 60 ಲಕ್ಷ. 1973ರ ಹೊತ್ತಿಗೆ 3 ಕೋಟಿ ದಾಟಿತ್ತು. 2024ರಲ್ಲಿ ಹತ್ತಿರಹತ್ತಿರ 9.4 ಕೋಟಿ, ದೇಶದ ಜನಸಂಖ್ಯೆಯೇ 5 ಕೋಟಿಗಿಂತ ಕಡಿಮೆ ಇರುವಾಗ. ಇಷ್ಟು ಜನಕ್ಕೆ ಒಂದು ಹೆಸರು ಬೇಕೇ ಬೇಕಾಗಿತ್ತು. ಬಿಲ್ಬಾವೊ ಆಗೆಲ್ಲ ಕಬ್ಬಿಣ, ಹಡಗುಕಟ್ಟೆ, ಹೊಗೆಯ ಊರು, ಪ್ರವಾಸಿಗಳು ಸುಳಿಯುತ್ತಿರಲಿಲ್ಲ. 1997ರಲ್ಲಿ ಗುಗನ್‌ಹೈಮ್ ಮ್ಯೂಸಿಯಂ ತೆರೆದ ಮೇಲೆ ಬಂದರು. ಈ ಗುಡ್ಡಗಳಲ್ಲಿ ಶತ್ರುವಿಗೆ ಇಟ್ಟ ಹೆಸರು ಇಡೀ ದೇಶ ಸುತ್ತಿ, ಬಿಸಿಲಿನ ದಕ್ಷಿಣದಲ್ಲಿ ಅರ್ಥ ಬದಲಿಸಿಕೊಂಡು, ಕ್ಯಾಮೆರಾ ನೇತುಹಾಕಿಕೊಂಡವರ ಹಿಂದೆ ತವರಿಗೆ ವಾಪಸ್ಸಾಯಿತು. ಹಳೇ ಪೇಟೆಯ ಪಿಂಚೋ ಬಾರಿನಲ್ಲಿ, ಅಂದರೆ ಸಣ್ಣ ತಿಂಡಿಗಳ ಬಾರಿನಲ್ಲಿ, ಸಂಜೆ ಆರಕ್ಕೆ ಯಾರಾದರೂ ಪಾಯೆಯಾ ಅನ್ನೋ ಅನ್ನದ ಅಡುಗೆ ಕೇಳಿದರೆ ಮಾಣಿ ಲೋಟ ಒರೆಸುತ್ತಲೇ ಪಕ್ಕದವನಿಗೆ ‘ಗಿರಿ’ ಅಂತಾನೆ. ಸಿಟ್ಟಿಲ್ಲ, ಪ್ರೀತಿಯೂ ಇಲ್ಲ. ಆರನೇ ನಂಬರ್ ಟೇಬಲ್ಲು ಅಂದಷ್ಟೇ ಸಲೀಸಾಗಿ ಬರುತ್ತೆ.

ಲ್ಯಾಟಿನ್ ಅಮೆರಿಕದಲ್ಲಿ ಪರದೇಶಿಯನ್ನು, ಅದರಲ್ಲೂ ಅಮೆರಿಕನ್ನರನ್ನು ಕರೆಯುವ ‘ಗ್ರಿಂಗೊ’ ಕೂಡ ಇದೇನಾ ಅಂತ ಕೊನೆಯಲ್ಲಿ ಕೇಳಿದ್ದೀಯ. ಅದು ಬೇರೆ, ಆದರೆ ಅದರ ಕಥೆಯನ್ನು ನೀನು ತಿಳಿಯಲೇಬೇಕು, ಯಾಕಂದರೆ ಅದು ನಿನ್ನ ಊರಿನದು. 1846ರಿಂದ 1848ರವರೆಗಿನ ಯುದ್ಧದಲ್ಲಿ ಮೆಕ್ಸಿಕೊದವರು ಹಸಿರು ಸಮವಸ್ತ್ರದ ಅಮೆರಿಕನ್ನರಿಗೆ ‘ಗ್ರೀನ್, ಗೋ ಹೋಂ’ ಅಂತ ಕೂಗಿದರಂತೆ, ಅದೇ ಗ್ರಿಂಗೊ ಆಯಿತಂತೆ ಅನ್ನೋ ಕಥೆ ಎಲ್ಲ ಕಡೆ ಇದೆ. ಆ ಸೈನಿಕರು ತೊಟ್ಟಿದ್ದದ್ದು ನೀಲಿ. ಅದಕ್ಕಿಂತ ದೊಡ್ಡ ಸಾಕ್ಷಿ ಎಸ್ತೆಬಾನ್ ದೆ ತೆರೇರೋಸ್ ಅನ್ನೋ ಪಾದ್ರಿಯ ನಿಘಂಟು. ಬಿಲ್ಬಾವೊಗೆ ಹತ್ತಿರದ ತ್ರುಸಿಯೋಸ್‌ನಲ್ಲಿ 1707ರಲ್ಲಿ ಹುಟ್ಟಿದವರು. 1767ರಲ್ಲಿ ಅವರ ಪಂಗಡದ ಜೆಸ್ಯೂಟ್ ಪಾದ್ರಿಗಳನ್ನೆಲ್ಲ ದೇಶದಿಂದ ಹೊರಹಾಕಿದಾಗ ಇಟಲಿಗೆ ಹೋಗಿ, ಅಲ್ಲೇ 1782ರಲ್ಲಿ ತೀರಿಕೊಂಡರು. ಅವರು ಸತ್ತಮೇಲೆ, 1787ರಲ್ಲಿ ಅಚ್ಚಾದ ಸಂಪುಟದಲ್ಲಿ ಈ ಪದ ಇದೆ: ಸಲೀಸಾಗಿ, ಸಹಜವಾಗಿ ಸ್ಪ್ಯಾನಿಷ್ ಮಾತಾಡಲು ಬಿಡದಂಥ ಉಚ್ಚಾರ ಇರುವ ಪರದೇಶಿಗಳನ್ನು ಮಾಲಗಾದಲ್ಲಿ ಗ್ರಿಂಗೊ ಅಂತಾರೆ, ಮ್ಯಾಡ್ರಿಡ್‌ನಲ್ಲಿ ಐರಿಷರನ್ನು ವಿಶೇಷವಾಗಿ ಹಾಗೆ ಕರೀತಾರೆ ಅಂತ. ಮೆಕ್ಸಿಕೊ ಯುದ್ಧಕ್ಕೆ ಆಗಿನ್ನೂ ಅರವತ್ತು ವರ್ಷ ಬಾಕಿ! ಜುವಾನ್ ಕೊರೊಮಿನಾಸ್ ಇದನ್ನು ‘ಗ್ರಿಯೇಗೊ’ ಅಂದರೆ ಗ್ರೀಕ್ ಅನ್ನೋದರಿಂದ ಬಂದದ್ದು ಅಂತ ತೋರಿಸಿದರು, ಅರ್ಥವಾಗದ್ದನ್ನೆಲ್ಲ ಗ್ರೀಕ್ ಅನ್ನೋ ರೂಢಿಯಿಂದ. ಸ್ಪೇನಿನ ಅಂತರ್ಯುದ್ಧದ ನಂತರ ದೇಶ ಬಿಟ್ಟು ಅರ್ಜೆಂಟೀನಾದಲ್ಲಿ, ಆಮೇಲೆ ಷಿಕಾಗೊದಲ್ಲಿ ಪಾಠ ಮಾಡುತ್ತಾ ಸ್ಪ್ಯಾನಿಷ್ ಪದಗಳ ಮೂಲಕೋಶ ಬರೆದವರು ಅವರು. ಪರದೇಶಿಗೆ ಇಟ್ಟ ಹೆಸರಿನ ಬೇರು ಹುಡುಕಿದ ಇಬ್ಬರೂ ಪರದೇಶದಲ್ಲಿ ಬಾಳಿದವರು ಅನ್ನೋದು ನನ್ನನ್ನು ಬಹಳ ತಟ್ಟುತ್ತೆ.

ಪದದ ಹುಟ್ಟಿನ ಮಾತು ಇಷ್ಟು. ನಿನಗೆ ಇದಕ್ಕಿಂತ ಬೇಕಾದದ್ದು ಇವತ್ತು ಅದನ್ನು ಯಾರಿಗೆ ಅಂತಾರೆ, ಯಾರಿಗೆ ಅನ್ನೋದಿಲ್ಲ ಅನ್ನೋದು. ಗಿರಿ ಅಂದರೆ ಸಾಮಾನ್ಯವಾಗಿ ಬ್ರಿಟನ್, ಜರ್ಮನಿ, ಹಾಲೆಂಡ್ ಕಡೆಯ ಬಿಳಿಯರು. ದುಡ್ಡು ತರುವವರು, ಹೊರಟು ಹೋಗುವವರು. ದುಡಿಯಲು ಬಂದ ಬಡ ದೇಶದವರಿಗೆ ಈ ಪದ ಸಿಗೋದಿಲ್ಲ. ಮೊರಾಕೊದವರಿಗೆ ‘ಮೋರೊ’, ದಕ್ಷಿಣ ಅಮೆರಿಕದವರಿಗೆ ‘ಸುದಾಕಾ’, ಬಾರ್ಸೆಲೋನಾದ ಬೀದಿ ಮೂಲೆಯ ಅಂಗಡಿಯವನಿಗೆ, ಅವನು ಪಂಜಾಬಿನವನಾಗಲಿ ಸಿಲ್ಹಟಿನವನಾಗಲಿ, ‘ಪಾಕಿ’. ಅವುಗಳಲ್ಲಿ ಮುಳ್ಳಿದೆ. ನಿನ್ನ ಬಣ್ಣ ನೋಡಿಯೂ ನಿನ್ನನ್ನು ಗಿರಿ ಅಂದನಲ್ಲ, ಆ ಹುಡುಗ ನಿನ್ನನ್ನು ಲ್ಯಾಪ್‌ಟಾಪಿನ, ಒಳ್ಳೆ ಸಂಬಳದ ಪರದೇಶಿಗಳ ಸಾಲಿಗೆ ಸೇರಿಸಿದ ಅಂತ ಅರ್ಥ. ಅದೇ ರಸ್ತೆಯಲ್ಲಿ ಸೈಕಲ್ ಮೇಲೆ ಊಟದ ಪೊಟ್ಟಣ ಹಂಚುವ ನಮ್ಮ ಕಡೆಯ ಹುಡುಗನಿಗೆ ಆ ಹೆಸರು ಬೀಳುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೋ. ಉಳಿದ ಆ ಮೂರು ಪದಗಳನ್ನು, ಆಫೀಸಿನವರು ಎಷ್ಟೇ ಸಲೀಸಾಗಿ ಆಡಲಿ, ನಿನ್ನ ಬಾಯಲ್ಲಿ ತರಬೇಡ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ನಿನ್ನನ್ನು ‘ಹಿಂದೂ’ ಅಂತ ಪರಿಚಯ ಮಾಡಿಕೊಟ್ಟರೆ ಚಕಿತನಾಗಬೇಡ. ಬರಹದಲ್ಲಿ ಎಚ್ ಇದ್ದರೂ ಉಚ್ಚಾರ ‘ಇಂದು’. ಕೊಲಂಬಸ್ ಕಾಲದಿಂದ ‘ಇಂದಿಯೋ’ ಅಂದರೆ ಅಮೆರಿಕದ ಮೂಲನಿವಾಸಿ ಅಂತಾಗಿ ಹೋಗಿರೋದರಿಂದ, ಭಾರತದವರಿಗೆಲ್ಲ, ಮುಸ್ಲಿಮರಿಗೂ ಕ್ರೈಸ್ತರಿಗೂ, ಇಲ್ಲಿ ಹಾಗೇ ಅನ್ನೋದು ರೂಢಿ. ಅಕಾಡೆಮಿಯೂ ಒಪ್ಪಿದೆ. ನಾನು ಮಾತ್ರ ‘ಸೋಯ್ ದೆ ಲಾ ಇಂದಿಯಾ’, ಇಂಡಿಯಾದವಳು, ಅಂತಲೇ ಹೇಳ್ತೀನಿ.

ಗಿರಿ ಅನ್ನೋದು ಚುಚ್ಚುವುದು ಎಲ್ಲಿ ಗೊತ್ತಾ? ಬಾಡಿಗೆಯಲ್ಲಿ. 2024ರ ಜೂನ್‌ನಲ್ಲಿ ನಿಮ್ಮ ಮಾಲಗಾದಲ್ಲೇ ಸಾವಿರಾರು ಜನ ಮನೆಗಾಗಿ ಬೀದಿಗಿಳಿದರು. ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವ ಫ್ಲಾಟುಗಳು, ಹೊರಗಿನ ಸಂಬಳದವರು ಕೇಳಿದಷ್ಟು ಕೊಡೋದು, ಇದರಿಂದ ಊರಿನ ಮಕ್ಕಳಿಗೇ ಊರಲ್ಲಿ ಮನೆಯಿಲ್ಲ ಅನ್ನೋದು ಅವರ ಸಂಕಟ. ಅವರ ಸಂಕಟ ನಿಜ. ಹಾಗಾಗಿ ಮನೆ ಹುಡುಕುವಾಗ ಹಳೇ ಪೇಟೆಯ ನಡುಮಧ್ಯದಲ್ಲಿ ತಿಂಗಳ ಲೆಕ್ಕದ ಕರಾರಿಗೆ ಹೋಗಬೇಡ. ವಾಸದ ಮನೆಯ ಕರಾರೇ ಕೇಳು. ಮಾಲೀಕ ಕಂಪನಿಯಲ್ಲದೆ ಒಬ್ಬ ವ್ಯಕ್ತಿಯಾಗಿದ್ದರೆ ಕಾನೂನಿನ ಪ್ರಕಾರ ಐದು ವರ್ಷದವರೆಗೆ ನೀನು ಮುಂದುವರಿಸಿಕೊಳ್ಳಬಹುದು, ಠೇವಣಿ ಒಂದು ತಿಂಗಳದ್ದು. ಕರಾರು ಕೈಗೆ ಬಂದ ಕೂಡಲೇ ಪುರಸಭೆಗೆ ಹೋಗಿ ‘ಪದ್ರೋನ್’ ಅನ್ನೋ ಊರಿನ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸು. ಆರೋಗ್ಯ ಕಾರ್ಡಿಗೂ ಮುಂದಿನ ಎಷ್ಟೋ ಕಾಗದಪತ್ರಗಳಿಗೂ ಅದೇ ಬುನಾದಿ.

ಊಟದ ಹೊತ್ತಿನ ಮಾತು. ಮಧ್ಯಾಹ್ನ ಎರಡರಿಂದ ಮೂರೂವರೆ, ರಾತ್ರಿ ಒಂಬತ್ತರ ಮೇಲೆ. ಜನರ ಹಟ ಅಂದುಕೊಳ್ಳಬೇಡ. 1940ರಲ್ಲಿ ಸ್ಪೇನ್ ಗಡಿಯಾರ ಒಂದು ಗಂಟೆ ಮುಂದಿಟ್ಟದ್ದು ಇನ್ನೂ ಹಾಗೇ ಇದೆ, ಜುಲೈನಲ್ಲಿ ಮಾಲಗಾದ ಸೂರ್ಯ ಮುಳುಗೋದೇ ಒಂಬತ್ತೂವರೆ ಹೊತ್ತಿಗೆ. ಮಧ್ಯಾಹ್ನಕ್ಕೆ ‘ಮೆನು ದೆಲ್ ದಿಯಾ’ ತಿನ್ನು: ಎರಡು ಬಗೆ, ಬ್ರೆಡ್ಡು, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಸೇರಿ ಒಂದೇ ಬೆಲೆ. 1960ರ ದಶಕದಲ್ಲಿ ಸರ್ಕಾರ ಪ್ರವಾಸಿಗಳಿಗೋಸ್ಕರ ಹೋಟೆಲುಗಳ ಮೇಲೆ ಹೇರಿದ ಅಗ್ಗದ ಊಟದಿಂದ ಬೆಳೆದದ್ದು ಇದು. ಗಿರಿಗಳಿಗೆಂದು ಬಂದ ತಟ್ಟೆಯಲ್ಲಿ ಇವತ್ತು ಗಾರೆಯವರು, ಬ್ಯಾಂಕಿನವರು ಎಲ್ಲ ಉಣ್ಣುತ್ತಾರೆ. ನೀನು ಸಸ್ಯಾಹಾರಿ ಅಂದೆ. ‘ಕಾರ್ನೆ’, ಅಂದರೆ ಮಾಂಸ, ಬೇಡ ಅಂದರೆ ಸಾಲದು, ಅವರ ಲೆಕ್ಕದಲ್ಲಿ ಹಂದಿಯ ಹಮೋನ್ ಚೂರು, ಟ್ಯೂನಾ ಮೀನು ಕಾರ್ನೆಯೊಳಗೆ ಬಾರದಿರಬಹುದು. ‘ಯೇವಾ ಹಮೋನ್? ಯೇವಾ ಅತೂನ್?’, ಹಮೋನ್ ಇದೆಯಾ, ಟ್ಯೂನಾ ಇದೆಯಾ, ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳು.

ಇನ್ನು ಮೂರನೆಯದು, ಎಷ್ಟು ವರ್ಷವಾದರೂ ಹೊರಗಿನವರೇನಾ ಅನ್ನೋದು. ಕಾಗದದ ಲೆಕ್ಕದಲ್ಲಿ ನಮಗೆ ದಾರಿ ಉದ್ದ. ಮೆಕ್ಸಿಕೊ, ಪೆರು, ಫಿಲಿಪ್ಪೀನ್ಸ್‌ನವರು ಎರಡು ವರ್ಷ ವಾಸವಿದ್ದರೆ ಪೌರತ್ವ ಕೇಳಬಹುದು, ಭಾರತದವರು ಹತ್ತು ವರ್ಷ ಕಾಯಬೇಕು. ಆಮೇಲೆ ಭಾಷೆಯದೊಂದು ಪರೀಕ್ಷೆ, ದೇಶದ ಸಂವಿಧಾನ ಸಂಸ್ಕೃತಿಯದೊಂದು, ಅದರಲ್ಲಿ 25 ಪ್ರಶ್ನೆಗೆ 15 ಸರಿಯಿದ್ದರೆ ಸಾಕು. ನಮ್ಮ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು ಅನ್ನೋದು ಬೇರೆ ನೋವು, ಆ ನಿರ್ಧಾರ ನಿನ್ನದು, ಈಗಲೇ ತಲೆಗೆ ಹಚ್ಚಿಕೊಳ್ಳಬೇಡ. ದಿನದ ಬದುಕಿನಲ್ಲಿ ಮಾತ್ರ ಒಳಗೆ ಸೇರಿಸಿಕೊಳ್ಳೋದು ಭಾಷೆಯೇ. ಲಿಫ್ಟಿನಲ್ಲಿ ಅಪರಿಚಿತರಿಗೂ ನಮಸ್ಕಾರದ ಹಾಗೆ ‘ಬುಯೆನಾಸ್’ ಅನ್ನು, ಊಟ ಮಾಡುತ್ತಿರುವವರ ಪಕ್ಕ ಹಾದುಹೋಗುವಾಗ ‘ಕೆ ಅಪ್ರೊವೆಚೆ’, ಊಟ ಚೆನ್ನಾಗಿ ಆಗಲಿ, ಅನ್ನು. ಮಾಲಗಾ ಕಡೆಯವರು ಪದದ ಕೊನೆಯ ಸಕಾರ ನುಂಗ್ತಾರೆ, ಪುಸ್ತಕದ ಸ್ಪ್ಯಾನಿಷ್ ಕಲಿತು ಹೋದವರಿಗೆ ಮೊದಮೊದಲು ಏನೂ ತಿಳಿಯೋದಿಲ್ಲ, ಕಿವಿ ಪಳಗುತ್ತೆ. ಮಾಲಗಾದಲ್ಲಿ ಸರ್ಕಾರಿ ಭಾಷಾ ಶಾಲೆ, ‘ಎಸ್ಕುವೆಲಾ ಒಫಿಸಿಯಾಲ್ ದೆ ಇದಿಯೋಮಾಸ್’, ಇದೆ. ಖಾಸಗಿ ಕ್ಲಾಸಿಗಿಂತ ಬಹಳ ಕಡಿಮೆ ಫೀ, ಕಟ್ಟುನಿಟ್ಟಿನ ಪಾಠ. ಪ್ರವೇಶದ ದಿನಾಂಕ ಈಗಲೇ ನೋಡಿಟ್ಟುಕೋ, ಸೀಟು ಬೇಗ ತುಂಬುತ್ತೆ.

ಆ ಹುಡುಗ ಮತ್ತೆ ಗಿರಿ ಅಂದರೆ, ತೆರೇರೋಸ್ ಪಾದ್ರಿ ಮಾಲಗಾದ ಬಗ್ಗೆ ಬರೆದದ್ದನ್ನು ಅವನಿಗೆ ಹೇಳು. ಅಲ್ಲಿನವರಿಗೆ ತಮ್ಮ ಊರಿನ ಹಳೇ ಕಥೆ ಅಂದರೆ ಪ್ರಾಣ, ಖಂಡಿತ ಕೂತು ಕೇಳ್ತಾನೆ. ಪದ್ರೋನ್‌ಗೆ ಯಾವ ಕಾಗದ ಕೇಳಿದರು ಅಂತ ಬರಿ, ಊರಿಂದೂರಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ. ಏನಾದರೂ ಸಿಕ್ಕಿಹಾಕಿಕೊಂಡರೆ ನಾನಿದ್ದೀನಿ.